ಮಸೂತಿಯ ಎರಡು ತೊಟ್ಟಿಲು

ಐಶ್ವರ್ಯಳ ಮಿಸ್ ಕಾಲ್ ಬಂದಾಗ ಡಾಕ್ಟರ್ ಸುವರ್ಣಾ ಇಂಡಿಯ ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತು ಚಹಾ ಕುಡಿಯುತ್ತಿದ್ದಳು. ಒಂದೇ ರಿಂಗು. ತಿರುಗಿ ಹಚ್ಚಿದರೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮತ್ತೊಂದು ರಿಂಗು ಬಂದು ನಿಂತಿತು. ಆಮೇಲೆ ಫೋನು ಸ್ವಿಚ್ ಆಫ್.

ಆ ಫೋನು ಐಶ್ವರ್ಯಳದಲ್ಲ, ಅವಳ ತಾಯಿಯದು. ಬಾಣಂತಿ ಮೊಬೈಲು ನೋಡಿದರೆ ಕಣ್ಣಿಗೆ ಕೇಡು ಎಂದು ತವರಿನಲ್ಲಿ ಅದನ್ನು ಎತ್ತಿಟ್ಟಿರುತ್ತಾರೆ. ಅಂಥದ್ದನ್ನು ಕದ್ದು ಎರಡು ಸಲ ಹಚ್ಚಿದ್ದಾಳೆಂದರೆ ಸುಮ್ಮನೆ ಹಚ್ಚಿಲ್ಲ.

"ಪೀರಬಿ, ಸಾಮಾನ ಕಟ್ಟು. ಮಸೂತಿಗೆ ಹೋಗೂಣು," ಎಂದಳು ಸುವರ್ಣಾ.

ಪೀರಬಿ ಅವಳ ಜೊತೆ ಹಳ್ಳಿಹಳ್ಳಿ ತಿರುಗುವ ಸಹಾಯಕಿ. ವಯಸ್ಸಿನಲ್ಲಿ ಹಿರಿಯಳು, ಬಾಯಿಯಲ್ಲಿ ಇನ್ನೂ ಹಿರಿಯಳು. "ಮಸೂತಿ ಪಾಳಿ ಮುಂದಿನ ವಾರ ಐತಲ್ರಿ. ಏನಂದ್ಳು ಆಕಿ?"

"ಏನೂ ಅನ್ನಲಿಲ್ಲ. ಅದಕ್ಕ ಹೋಗಬೇಕು."

ಸುವರ್ಣಾ ಸಿಂದಗಿ ತಾಲೂಕಿನ ಕನ್ನೊಳ್ಳಿಯವಳು. ಅಪ್ಪ ಮಾಳಿಂಗಪ್ಪ ಕುರಿ ಕಾಯ್ದು ಮಗಳನ್ನು ಓದಿಸಿದ. ವೈದ್ಯಕೀಯ ಮುಗಿಸಿದ ಮೇಲೆ ಅವಳು ದವಾಖಾನೆ ತೆರೆಯಲಿಲ್ಲ. ರೋಗಗಳು ಒಂದು ಊರಿನಿಂದ ಇನ್ನೊಂದು ಊರಿಗೆ ಯಾವ ದಾರಿ ಹಿಡಿದು ಹೋಗುತ್ತವೆ ಎಂಬುದನ್ನು ಹುಡುಕುವ ಕೆಲಸಕ್ಕೆ ನಿಂತಳು. ಮುದ್ದೇಬಿಹಾಳದ ಕಡೆ ಕ್ಷಯ, ಕಾಲುವೆಯ ದಂಡೆಯ ಊರುಗಳಲ್ಲಿ ಕಾಮಾಲೆ, ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ತಾಲೂಕುಗಳಲ್ಲಿ ಎಚ್‌ಐವಿ. ಅವ್ವ ಇಂದ್ರಾಬಾಯಿ ಬೀಗರ ಮುಂದೆ, "ನಮ್ಮ ಸುವರ್ಣಾ ದುರ್ಬೀನದಾಗ ಹುಳ ನೋಡ್ತಾಳ್ರಿ," ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಾಳೆ. ಯಾವ ಹುಳ ಎಂದು ಯಾರಾದರೂ ಕೇಳಿದರೆ ಒಲೆಯ ಮೇಲಿನ ಹಾಲು ನೆನಪಾಗುತ್ತದೆ ಅವಳಿಗೆ.

ಈಗ ಸುವರ್ಣಾಳ ತಲೆ ತಿನ್ನುತ್ತಿದ್ದ ಪ್ರಶ್ನೆ ತವರುಮನೆಯದು. ಗಂಡನ ಊರಿನಲ್ಲಿ ರಕ್ತಪರೀಕ್ಷೆ ಆಗಿ ಸೋಂಕು ಗೊತ್ತಾದ ಬಸುರಿ ಹೆರಿಗೆಗೆ ತವರಿಗೆ ಹೋಗುತ್ತಾಳೆ. ಔಷಧ ಇಲ್ಲಿ, ಆಕೆ ಅಲ್ಲಿ. ಹೊಟ್ಟೆಯಲ್ಲಿದ್ದಾಗ ಸಿಂದಗಿಯ ಲೆಕ್ಕದಲ್ಲಿದ್ದ ಕೂಸು ಹುಟ್ಟುವಾಗ ಬಾಗೇವಾಡಿಯ ಲೆಕ್ಕಕ್ಕೆ ಬರಬೇಕು. ಎಷ್ಟೋ ಸಲ ಎರಡಕ್ಕೂ ಬರುವುದಿಲ್ಲ. ಹೀಗೆ ತಪ್ಪಿಹೋಗುವ ಕೂಸುಗಳ ಬೆನ್ನು ಹತ್ತುವುದೇ ಅವಳ ಸಂಶೋಧನೆ. ಹೋದ ವರ್ಷ ತಪ್ಪಿಹೋದ ಒಂದು ಕೂಸು ಮತ್ತೆ ಸಿಕ್ಕಾಗ ತಡವಾಗಿತ್ತು. ಅದರ ಸುದ್ದಿಯನ್ನು ಸುವರ್ಣಾ ಈಗಲೂ ಎತ್ತುವುದಿಲ್ಲ.

ಐಶ್ವರ್ಯಳ ಗಂಡನ ಮನೆ ಸಿಂದಗಿ ತಾಲೂಕಿನ ದೇವಣಗಾಂವ, ತವರು ಬಾಗೇವಾಡಿ ಕಡೆಯ ಮಸೂತಿ. ಗಂಡ ಕಲ್ಮೇಶ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ರಕ್ತಪರೀಕ್ಷೆಯಾದಾಗ ಅವಳಿಗೆ ಎಂಟು ತಿಂಗಳು ತುಂಬುತ್ತಿತ್ತು; ಇಬ್ಬರಲ್ಲೂ ಸೋಂಕು ಇತ್ತು. ಯಾರಿಂದ ಯಾರಿಗೆ ಎಂದು ಸುವರ್ಣಾ ಕೇಳಲಿಲ್ಲ, ಯಾರನ್ನೂ ಕೇಳುವುದಿಲ್ಲ. ರೋಗ ಹತ್ತಿಕ್ಕುವ ಗುಳಿಗೆ ಅವಳಿಗೆ ತಡವಾಗಿ ಶುರುವಾದುದರಿಂದ, ಹುಟ್ಟಿದ ಹೆಣ್ಣು ಕೂಸಿಗೆ ಹನ್ನೆರಡು ವಾರ ದಿನಾ ಒಂದು ಸಲ ಸಿರಪ್ಪು ಹಾಕಬೇಕು. ತಾಯಿಯ ಹಾಲಿನ ಜೊತೆ ರೋಗ ಇಳಿಯದಂತೆ ತಡೆಯುವ ಸಿರಪ್ಪು ಅದು. ಆರನೆಯ ವಾರ ಕೂಸಿನ ರಕ್ತಪರೀಕ್ಷೆ.

ಹೆರಿಗೆಯಾಗಿ ಮನೆಗೆ ಹೊರಟ ದಿನ ಐಶ್ವರ್ಯಳ ತಾಯಿ ಸಿದ್ದವ್ವ ಬಾಟಲಿ ಹಿಡಿದು, "ಇದ್ಯಾತರ ಔಷಧರಿ ಬಾಯಾರ?" ಎಂದು ಕೇಳಿದ್ದಳು. ಐಶ್ವರ್ಯ ತಾಯಿಯ ಬೆನ್ನ ಹಿಂದಿನಿಂದ ಸುವರ್ಣಾಳ ಮುಖವನ್ನೇ ನೋಡುತ್ತಿದ್ದಳು. "ಕೂಸಿನ ತೂಕ ಕಡಿಮಿ ಐತ್ರಿ. ತಾಕತ್ತಿನ ಔಷಧ," ಎಂದಿದ್ದಳು ಸುವರ್ಣಾ. ಸಿದ್ದವ್ವ ಬಾಟಲಿಯನ್ನು ಪ್ರಸಾದದಂತೆ ಸೆರಗಿನಲ್ಲಿ ಸುತ್ತಿಕೊಂಡಳು. ಆ ಹೊತ್ತಿಗೆ ಅದು ಚಂದದ ಸುಳ್ಳು ಎನಿಸಿತ್ತು.

ಮಸೂತಿ ತಲುಪಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಜೀಪನ್ನು ಊರ ಹೊರಗೆ ಜಾಲಿಗಿಡದ ಹತ್ತಿರವೇ ಬಿಟ್ಟರು. ಆ ಜೀಪು ಯಾರ ಮನೆ ಮುಂದೆ ನಿಲ್ಲುತ್ತದೋ ಆ ಮನೆಯ ಸುದ್ದಿ ಊರೆಲ್ಲ ತಿರುಗುತ್ತದೆ. ಎರಡೂ ಬದಿಯ ಹೊಲಗಳಲ್ಲಿ ಬಿಳಿಜೋಳ ತೆನೆ ಬಿಚ್ಚುತ್ತಿತ್ತು. ಗಾಳಿಗೆ ಅಷ್ಟು ಜೋಳ ಒಮ್ಮೆಲೇ ಸರ್ರೆಂದರೆ ಯಾರೋ ಹಿಂದೆ ಬಂದಂತಾಗಿ ಸುವರ್ಣಾ ತಿರುಗಿ ನೋಡುತ್ತಿದ್ದಳು. ಕೂಸಿಗೆ ಜ್ವರವೇ? ವಾಂತಿಯೇ? ಕಲ್ಮೇಶ ಬಂದು ಜಗಳ ತೆಗೆದನೇ?

"ಬಾಯಾರ, ನಿಮ್ಮ ನಡಿಗಿ ನೋಡಿದ್ರ ಮಂದಿ ಬೆಂಕಿ ಹತ್ತೇತಿ ಅಂತ ಕೊಡ ತಗೊಂಡು ಬರ್ತಾರ. ತುಸು ಸಾವಕಾಶ," ಎಂದಳು ಪೀರಬಿ.

ಸಿದ್ದವ್ವ ಬಾಗಿಲಲ್ಲೇ ಎದುರಾದಳು. "ಬರ್ರಿ ಬಾಯಾರ, ಬರ್ರಿ! ಮುಂದಿನ ವಾರ ಬರಾವ್ರು ಇವತ್ತ ಬಂದೀರಿ? ಬಾಣಂತ್ಯಾರಿಗಿ ಮಾಡಿದ ಅಳ್ಳಿಟ್ಟಿನ ವಾಸನಿ ಇಂಡಿತನಕ ಬಡೀತೇನು?"

ಕೂಸುಗಳು ಆರಾಮವೇ ಎಂದು ಸುವರ್ಣಾ ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಆರಾಮ ಅದಾವ್ರಿ. ಎರಡೂ ಹಾಲು ಕುಡೀತಾವ, ಎರಡೂ ಒದರ್ತಾವ. ನಾ ಒಬ್ಬಾಕಿನ ಸೊರಗಾಕತ್ತೇನಿ," ಎಂದು ಸಿದ್ದವ್ವ ನಕ್ಕಳು.

ಎರಡು, ಯಾಕೆಂದರೆ ಆ ಮನೆಯಲ್ಲಿ ಬಾಣಂತಿಯರೂ ಇಬ್ಬರು. ಮುದ್ದೇಬಿಹಾಳದ ಕಡೆ ಕೊಟ್ಟ ಹಿರಿಯ ಮಗಳು ಮಹಾನಂದಾ ಗಂಡು ಹೆತ್ತು, ತಿಂಗಳೊಳಗೆ ಐಶ್ವರ್ಯ ಹೆಣ್ಣು ಹೆತ್ತಳು. ಕೋಣೆಯಲ್ಲಿ ಎರಡು ಹೊರಸು, ಎರಡು ತೊಟ್ಟಿಲು, ನಡುವೆ ಒಂದೇ ಅಗ್ಗಿಷ್ಟಿಕೆ. ಅಜವಾನದ ಹೊಗೆಗೆ ಕಣ್ಣು ಉರಿದವು. ಒಂದು ಹೊರಸಿನ ಮೇಲೆ ಮಹಾನಂದಾ ಗೋಡೆಗೆ ಒರಗಿ ಕುಳಿತಿದ್ದಳು. ಇನ್ನೊಂದರ ಮೇಲೆ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡ ಐಶ್ವರ್ಯ. ಅವಳು ಸುವರ್ಣಾಳನ್ನು ನೋಡಿದಳು, ಆಮೇಲೆ ಗೋಡೆಯ ಗೂಡಿನಲ್ಲಿದ್ದ ಬಾಟಲಿ ನೋಡಿದಳು, ಆಮೇಲೆ ನೆಲ.

ಸುವರ್ಣಾ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹುಟ್ಟಿದಂದಿನಿಂದ ಇಂದಿನವರೆಗೆ ಎಷ್ಟು ಇಳಿದಿರಬೇಕೋ ಅಷ್ಟೇ ಇಳಿದಿತ್ತು. ಔಷಧ ಸರಿಯಾಗಿ ಹೋಗಿದೆಯೇ ಎಂದು ತಿಳಿಯಲು ಅವಳ ತಂಡಕ್ಕೆ ಇದೇ ಅಳತೆ. ಎದೆಯ ಮೇಲಿನ ಕಲ್ಲು ತುಸು ಸರಿಯಿತು. ಹಾಗಿದ್ದರೆ ಹುಡುಗಿ ಬೇರೆ ಯಾವುದಕ್ಕೋ ಹೆದರಿ ಫೋನು ಹಚ್ಚಿರಬೇಕು.

"ಒಂದ ದಿನಾನೂ ತಪ್ಪಿಸಿಲ್ರಿ," ಎಂದಳು ಸಿದ್ದವ್ವ. "ಇವತ್ತಿಂದು ಇನ್ನೂ ಹಾಕಿಲ್ಲ. ಹೆಂಗ ಹಾಕ್ತೇನಿ ನೋಡ್ರಿ, ತಪ್ಪಿದ್ರ ಬೈರಿ."

ಸೂಜಿಯಿಲ್ಲದ ಸಿರಿಂಜನ್ನು ಬಿಸಿನೀರಿನಲ್ಲಿ ಅದ್ದಿ, ಗೆರೆ ಹಾಕಿದಲ್ಲಿಗೆ ಸರಿಯಾಗಿ ಔಷಧ ಎಳೆದುಕೊಂಡಳು. ನರ್ಸು ಕಲಿಸಿದಂತೆಯೇ. ಐಶ್ವರ್ಯಳ ಕೂಸಿನ ದವಡೆಯ ಬದಿಗೆ ಮೆಲ್ಲಗೆ ಬಿಟ್ಟಳು. ಅರ್ಧಕ್ಕೆ ನಿಲ್ಲಿಸಿದಳು. ಸಿರಿಂಜಿನ ತುದಿಯನ್ನು ಸೆರಗಿನಿಂದ ಒರೆಸಿ ಇನ್ನೊಂದು ತೊಟ್ಟಿಲಿಗೆ ನಡೆದು, ಉಳಿದ ಅರ್ಧವನ್ನು ಮಹಾನಂದಾಳ ಕೂಸಿನ ಬಾಯಿಗೆ ಬಿಟ್ಟಳು.

ಪೀರಬಿಯ ಕೈಯಲ್ಲಿದ್ದ ತೂಕದ ತಕ್ಕಡಿ ಠಣ್ಣೆಂದಿತು.

"ಇದು... ಯಾವಾಗಿಂದ್ರಿ, ದೊಡ್ಡವ್ವಾ?" ಸುವರ್ಣಾ ತನ್ನ ದನಿಯನ್ನು ಹಿಡಿದುಕೊಂಡು ಕೇಳಿದಳು.

"ಸಣ್ಣಾಕಿ ಕೂಸಿಗಿ ಹೆಸರಿಟ್ಟ ದಿನದಿಂದ. ಆವತ್ತ ಇಕಿ ಅಂದ್ಳು," ಎಂದು ಸಿದ್ದವ್ವ ಮಹಾನಂದಾಳ ಕಡೆ ಗದ್ದ ಎತ್ತಿದಳು, "ತಂಗಿ ಕೂಸಿಗಿ ತಾಕತ್ತು, ನನ್ನ ಕೂಸಿಗಿ ಬರೇ ಜೋಗುಳೇನು ಅಂತ. ಖರೇ ಅಲ್ಲೇನ್ರಿ? ಉಂಡಿ ಕಟ್ಟಿದ್ರ ಎರಡು ಪಾಲು, ಶಾವಿಗಿ ಹೊಸೆದ್ರ ಎರಡು ಪಾಲು. ಔಷಧ ಮಾತ್ರ ಒಬ್ಬಾಕಿಗೆ ಕೊಟ್ರ ನಾ ಎಂಥ ತಾಯಿ?"

ಬಾಟಲಿಯದೇನೂ ತಪ್ಪಿರಲಿಲ್ಲ. ಅಷ್ಟು ದಿನ ಒಂದು ಕೂಸಿನ ಔಷಧ ಪ್ರತಿದಿನವೂ ಮುಗಿದಿತ್ತು. ಆ ಕೂಸಿಗೆ ಮಾತ್ರ ಅರ್ಧವೇ ಮುಟ್ಟಿತ್ತು. ಸುವರ್ಣಾ ಎರಡನೆಯ ತೊಟ್ಟಿಲಿಗೆ ಬಗ್ಗಿದಳು. ಮಹಾನಂದಾಳ ಕೂಸಿಗೆ ಆ ಅರ್ಧದಿಂದ ದೊಡ್ಡ ಅಪಾಯವಿಲ್ಲವೆಂದು ಗೊತ್ತಿದ್ದರೂ ಅದರ ಅಂಗಿ ಎತ್ತಿ ಮೈಚರ್ಮ, ಕಣ್ಣ ಬಿಳಿ ಎಲ್ಲ ನೋಡಿದಳು.

"ದೊಡ್ಡವ್ವಾ, ಇದು ತೂಕ ಕಡಿಮಿ ಇದ್ದ ಕೂಸಿಗಿ ಅಷ್ಟ. ಈ ಹುಲಿಗಿ ಬ್ಯಾಡ್ರಿ," ಎಂದಳು.

"ನೋಡವ್ವಾ ಮತ್ತ," ಎಂದಳು ಮಹಾನಂದಾ ಹೊರಸಿನ ಮೇಲಿಂದ. "ಸಣ್ಣಾಕಿ ಅಂದ್ರ ಡಾಕ್ಟರೂ ಕರಗ್ತಾರ. ನಾವು ಕಲ್ಲಾಗ ಹುಟ್ಟಿದವ್ರು."

"ಹಂಗಾದ್ರ ಅದಕ್ಕೂ ಒಂದು ಬಾಟ್ಲಿ ಕೊಟ್ಟಬಿಡ್ರಿ ಬಾಯಾರ. ಜಗಳನ ಬ್ಯಾಡ," ಎಂದಳು ಸಿದ್ದವ್ವ.

ಪೀರಬಿ ಸುವರ್ಣಾಳ ಕಿವಿಯ ಹತ್ತಿರ ಬಗ್ಗಿದಳು. "ಕೊಡ್ರಿ. ಚೀಲದಾಗ ವಿಟಮಿನ್ ಹನಿ ಐತಿ. ಅದನ್ನ ದೊಡ್ಡಾಕಿಗಿ ಕೊಟ್ರ ಆತು."

ಸುವರ್ಣಾ ಚೀಲಕ್ಕೆ ಕೈ ಹಾಕಿದಳು ಸಹ. ಆಮೇಲೆ ನಿಂತಳು. ಎರಡು ಬಾಟಲಿ ಕೊಟ್ಟರೆ ಈ ತಾಯಿ ಏನು ಮಾಡುತ್ತಾಳೆಂದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಎರಡೂ ಔಷಧವನ್ನು ಎರಡೂ ಕೂಸಿಗೆ ಅರ್ಧರ್ಧ. ಹಾಗಲ್ಲದೆ ಬೇರೆ ರೀತಿಯಲ್ಲಿ ಹಂಚುವುದು ಸಿದ್ದವ್ವಳ ಕೈಗೆ ಗೊತ್ತೇ ಇಲ್ಲ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ತೇಪೆ ಹಚ್ಚಿದರೆ ಹರಿಯುವುದು ಆ ಹೆಣ್ಣು ಕೂಸಿನ ಪಾಲೇ.

ಉಳಿದದ್ದು ಸತ್ಯ. ಅದು ಸುವರ್ಣಾಳದಲ್ಲ, ಹೇಳುವ ಹಕ್ಕು ಐಶ್ವರ್ಯಳಿಗೆ ಮಾತ್ರ.

"ಐಶ್ವರ್ಯನ ಹೊಲಿಗಿ ನೋಡಬೇಕು. ಎಲ್ಲಾರೂ ತುಸು ಹೊರಗ ಇರ್ರಿ," ಎಂದಳು. ಪೀರಬಿಗೆ ಅಷ್ಟು ಸಾಕಾಯಿತು. "ಬರ್ರಿ ಅಕ್ಕಾರ, ನಿಮ್ಮ ಪೈಲವಾನನ ತೂಕಾನೂ ನೋಡೂಣು. ತಕ್ಕಡಿ ತಡೀಬೇಕಷ್ಟ," ಎಂದು ಮಹಾನಂದಾಳನ್ನೂ ಕೂಸನ್ನೂ ಹಿತ್ತಲ ಬೇವಿನಗಿಡದ ಕಡೆ ಕರೆದೊಯ್ದಳು. ಸಿದ್ದವ್ವ ಚಹಾಕ್ಕೆ ಇಡಲು ಒಳಗೆ ಹೋದಳು.

ಬಾಗಿಲು ಮುಂದೆ ಮಾಡಿದೊಡನೆ ಐಶ್ವರ್ಯಳ ಕಣ್ಣು ತುಂಬಿದವು. "ಮೊನ್ನಿತನಕ ನನಗೂ ಗೊತ್ತಿರಲಿಲ್ರಿ. ಕೂಸುಗಳಿಗಿ ನೀರ ಹಾಕಿದ ಮ್ಯಾಲೆ ಅವ್ವ ಪಡಸಾಲ್ಯಾಗ ಕುಂತು ಔಷಧ ಹಾಕತಿದ್ಲು. ಮೊನ್ನಿ ಥಂಡಿ ಅಂತ ಇಲ್ಲೇ ಹಾಕಿದಾಗ ಕಂಡೆ. ಬ್ಯಾಡವ್ವಾ ಅಂದೆ. ಹೊಟ್ಟಿಕಿಚ್ಚೇನ ನಿನಗ ಅಂತ ಅಕ್ಕ ಅಂದ್ಳು. ಮುಂದ ಬಾಯಿ ಬರಲಿಲ್ಲ."

"ನಿನ್ನ ಗುಳಿಗಿ?"

"ತಪ್ಪಿಸಿಲ್ರಿ. ರಕ್ತ ಕಮ್ಮಿ ಐತಿ ಅಂತ ಹೇಳೇನಿ."

"ಅಕ್ಕನ ಕೂಸಿಗಿ ಎಂದಾದ್ರೂ ಹಾಲು ಕುಡಿಸೀ ಏನು?"

"ಇಲ್ರಿ. ಎದಿ ನೋಯ್ತೈತಿ ಅಂತ ತಪ್ಪಿಸ್ಕೊಂಡೇನಿ." ಅವಳು ಸೀರೆಯ ಅಂಚನ್ನು ಹಿಂಡುತ್ತಿದ್ದಳು. "ಬಾಯಾರ, ಖರೇ ಹೇಳ್ರಿ. ನನ್ನ ಮಗಳಿಗಿ ಬಂದೈತೇನು?"

"ಗೊತ್ತಿಲ್ಲ. ಆರನೇ ವಾರ ನೋಡಬೇಕು. ನಿನ್ನ ಗುಳಿಗಿ ಸುದ್ದ ನಡದೈತಿ, ಅದು ಛಲೋ. ಆದ್ರ ಔಷಧ ಅರ್ಧ ಆದಷ್ಟೂ ನನಗ ಹೆದರಿಕಿ ಜಾಸ್ತಿ."

"ಅವ್ವಗ ಹೇಳಿದ್ರ..." ಐಶ್ವರ್ಯ ಅಗ್ಗಿಷ್ಟಿಕೆಯ ಕೆಂಡ ನೋಡುತ್ತ ಕುಳಿತಳು. "ನನ್ನ ತಾಟು ಬ್ಯಾರೆ ಇಡ್ತಾಳ. ಅಕ್ಕ ಕೂಸಿನ್ನ ಕಟ್ಕೊಂಡು ಇವತ್ತ ಹೋಗ್ತಾಳ. ಆಮ್ಯಾಗ ದೇವಣಗಾಂವತನಕ ಡಂಗುರ."

ಹಾಗಾಗುವುದಿಲ್ಲ ಎಂದು ಸುವರ್ಣಾ ಹೇಳಲಿಲ್ಲ. ಹಾಗಾದ ಮನೆಗಳನ್ನು ಅವಳು ಕಂಡಿದ್ದಳು. ಹೊರಗೆ ಬೇವಿನಗಿಡದ ಕೆಳಗೆ ಪೀರಬಿಯ ನಗು ಕೇಳಿಸುತ್ತಿತ್ತು, ಎಷ್ಟು ಹೊತ್ತು ನಗಬಲ್ಲಳೋ. ತೊಟ್ಟಿಲಲ್ಲಿ ಕೂಸು ಮುಷ್ಟಿ ಬಾಯಿಗೆ ಇಟ್ಟುಕೊಂಡು ಚೀಪುತ್ತಿತ್ತು.

ಐಶ್ವರ್ಯ ಒಮ್ಮೆಲೇ ದನಿ ಎತ್ತಿದಳು. "ಯವ್ವಾ! ಇಲ್ಲಿ ಬಾ."

ಸಿದ್ದವ್ವ ಚಹಾದ ಪುಡಿಯ ಡಬ್ಬಿ ಹಿಡಿದೇ ಬಂದಳು.

"ಅದು ತಾಕತ್ತಿನ ಔಷಧ ಅಲ್ಲ. ನನ್ನ ರಕ್ತದಾಗ ಎಚ್‌ಐವಿ ಐತಿ. ಅವ್ರಿಗೂ ಐತಿ. ಕೂಸಿಗಿ ಬರಬಾರದು ಅಂತ ಆ ಔಷಧ ಹಾಕೂದು. ಅರ್ಧ ಹಾಕಿದ್ರ ಬರ್ತೈತಿ." ಒಂದೇ ಉಸಿರಿನಲ್ಲಿ ಅಷ್ಟೂ ಹೇಳಿ ಐಶ್ವರ್ಯ ಮುಖ ಮುಚ್ಚಿಕೊಂಡಳು.

ಸಿದ್ದವ್ವ ಡಬ್ಬಿಯನ್ನು ನೆಲಕ್ಕೆ ಇಟ್ಟಳು. ಮಗಳನ್ನು ನೋಡಲಿಲ್ಲ, ಸುವರ್ಣಾಳನ್ನೂ ನೋಡಲಿಲ್ಲ. ತಿರುಗಿ ಬಚ್ಚಲಿಗೆ ಹೋದಳು. ತಂಬಿಗೆಯ ನೀರು ಸುರಿಯುವ ಸಪ್ಪಳ. ಸಾಬೂನು ಹಚ್ಚಿ ಮೊಳಕೈವರೆಗೆ ತೊಳೆದುಕೊಳ್ಳುತ್ತಿದ್ದಳು, ತೊಳೆಯುತ್ತಲೇ ಇದ್ದಳು. ಆ ಸಪ್ಪಳ ಕೇಳುತ್ತ ಐಶ್ವರ್ಯ ಕುಳಿತಲ್ಲೇ ಕುಗ್ಗಿದಳು. ಸುವರ್ಣಾ ಅವಳ ಭುಜದ ಮೇಲೆ ಕೈ ಇಟ್ಟಳು, ಇನ್ನೇನು ಮಾಡಬೇಕೋ ತಿಳಿಯದೆ. ಮುಟ್ಟಿದರೆ ಬರುವುದಿಲ್ಲ, ಒಂದೇ ತಾಟಿನಲ್ಲಿ ಉಂಡರೆ ಬರುವುದಿಲ್ಲ ಎಂಬ ಎಲ್ಲ ಮಾತುಗಳೂ ಅವಳ ನಾಲಿಗೆಯ ತುದಿಯಲ್ಲಿದ್ದವು. ಆ ಹೊತ್ತಿನಲ್ಲಿ ಅವೆಲ್ಲ ಆಸ್ಪತ್ರೆಯ ಗೋಡೆಯ ಮೇಲೆ ಯಾರೂ ಓದದ ಬರಹದಂತಿದ್ದವು.

ಸಿದ್ದವ್ವ ಕೈ ಒರೆಸಿಕೊಳ್ಳುತ್ತ ಬಂದಳು. ಗೂಡಿನಿಂದ ಸಿರಿಂಜು ತೆಗೆದು ಬಿಸಿನೀರಿನಲ್ಲಿ ಅದ್ದಿದಳು. "ಇವತ್ತಿನ ಉಳದ ಅರ್ಧ ಈಗ ಹಾಕಲೇನ್ರಿ? ಕೈ ಸ್ವಚ್ಛ ಅದಾವ."

"ಹಾಕ್ರಿ," ಎಂದಳು ಸುವರ್ಣಾ.

ಸಿದ್ದವ್ವ ಅರ್ಧ ಗೆರೆಗೆ ಅಳೆದು ಕೂಸಿನ ದವಡೆಗೆ ಮೆಲ್ಲಗೆ ಬಿಟ್ಟಳು. ಹಾಕಿದ ಮೇಲೆ ಮಗಳ ಕಡೆ ತಿರುಗಿದಳು. "ಬಾಯಿ ಸತ್ತಿತ್ತೇನ ನಿನಗ? ನಾ ದಿನಾ ಈ ಕೂಸಿನ ಪಾಲು ಕಸದು ಕೊಡಾಕತ್ತೇನಿ, ನೀ ನನ್ನ ಮಗಳಾಗಿ ಮುಚ್ಕೊಂಡು ಮಕ್ಕೊಂಡೀ? ಕಳ್ಳೀ!" ಬೈಯುತ್ತ ಬೈಯುತ್ತಲೇ ಹೊರಸಿನ ಮೇಲೆ ಕುಳಿತು ಅವಳ ತಲೆಯ ಬಟ್ಟೆಯನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದಳು.

ಆಮೇಲೆ ಸುವರ್ಣಾಳನ್ನು ಕೇಳಿದಳು, "ದೊಡ್ಡಾಕಿಗಿ ಹೇಳಬೇಕೇನ್ರಿ?"

"ಅದು ಐಶ್ವರ್ಯಗ ಬಿಟ್ಟದ್ದು. ಆಕಿ ಕೂಸಿಗಿ ಏನೂ ಆಗಿಲ್ಲ. ಮೈಮ್ಯಾಲೆ ಗುಳ್ಳಿ ಎದ್ರ, ಕಣ್ಣು ಹಳದಿ ಆದ್ರ ಹೇಳ್ರಿ ಅಂತ ನಾನ ಹೇಳ್ತೇನಿ."

ಐಶ್ವರ್ಯ ಬೇಡವೆಂದು ತಲೆಯಾಡಿಸಿದಳು. ತನ್ನ ಕೂಸಿನ ಬಾಯಿಗೆ ಬಿದ್ದದ್ದು ಯಾವ ಔಷಧ ಎಂದು ತಿಳಿಯುವ ಹಕ್ಕು ಆ ಅಕ್ಕನಿಗೂ ಇಲ್ಲವೇ ಎಂಬ ಮುಳ್ಳು ಸುವರ್ಣಾಳೊಳಗೆ ಮುರಿದುಕೊಂಡು ಉಳಿಯಿತು.

ಮಹಾನಂದಾ ಒಳಗೆ ಬಂದಾಗ ಸಿದ್ದವ್ವ ಎದ್ದು ನಿಂತಿದ್ದಳು. "ನಾಳಿಯಿಂದ ನಿನ್ನ ಮಗನಿಗಿ ಆ ಔಷಧ ಇಲ್ಲ."

"ಯಾಕ? ನಾ ಏನು ಮಲಮಗಳೇನು?"

"ಹಂಗ ತಿಳ್ಕೋ."

ಪೀರಬಿ ತಕ್ಕಡಿಯನ್ನು ಚೀಲಕ್ಕೆ ಹಾಕಿದಳು. ಇಬ್ಬರಿಗೂ ಒಂದೇ ಅಳತೆ ಎಂದು ಊರೆಲ್ಲ ಹೇಳಿಕೊಂಡು ಬಂದ ಬಾಯಿ ಆ ಎರಡು ಮಾತು ಆಡಿ ಮುಚ್ಚಿಕೊಂಡಿತು. ಸುವರ್ಣಾ ಗುಳ್ಳೆ, ಹಳದಿ ಕಣ್ಣಿನ ಮಾತನ್ನು ಮಹಾನಂದಾಳಿಗೆ ಹೇಳಿ ಜೀಪಿನ ಕಡೆ ನಡೆದಳು.

ನಾಲ್ಕು ದಿನಕ್ಕೆ ಮಹಾನಂದಾ ಗಂಡನನ್ನು ಕರೆಸಿಕೊಂಡು ಹೊರಟುಹೋದಳಂತೆ. ಕೂಸಿನ ಜೊತೆ ತವರಿನ ತೊಟ್ಟಿಲೂ ಗಂಡನ ಮನೆಗೆ ಹೋಗುವುದು ರೂಢಿ. ಅದನ್ನು ಅಂಗಳದಲ್ಲೇ ಇಳಿಸಿ, "ಇದನ್ನೂ ಸಣ್ಣಾಕಿಗೇ ಕೊಡು," ಎಂದಳಂತೆ. ಸಿದ್ದವ್ವ ತಡೆಯಲಿಲ್ಲವಂತೆ.

ಆ ವಾರಗಳಲ್ಲಿ ಸುವರ್ಣಾ ಸಿಂದಗಿ, ಇಂಡಿ, ಮುದ್ದೇಬಿಹಾಳ ಎಂದು ತಿರುಗುತ್ತ, ಈಗ ಬಾಟಲಿ ನೋಡುವ ಮೊದಲು ಮನೆಯವರನ್ನು ಕೇಳುತ್ತಿದ್ದಳು: ಔಷಧ ಹಾಕುವವರು ಯಾರು, ಮನೆಯಲ್ಲಿ ಇನ್ನೆಷ್ಟು ಕೂಸುಗಳಿವೆ, ನನ್ನ ಮುಂದೆ ಒಮ್ಮೆ ಹಾಕಿ ತೋರಿಸಿ. ಇನ್ನೊಂದು ಊರಿನಲ್ಲಿಯೂ ಒಬ್ಬ ಅಜ್ಜಿ ಸಿರಿಂಜು ಹಿಡಿದು ಎರಡನೆಯ ಕೂಸಿನ ಕಡೆ ತಿರುಗಿದಳು. ತನ್ನ ಹಳೆಯ ಅಳತೆಗಳನ್ನು ಎಷ್ಟು ನಂಬಬೇಕೆಂದು ಆ ಸಂಜೆ ಅವಳಿಗೆ ತಿಳಿಯಲಿಲ್ಲ.

ಆರನೆಯ ವಾರ ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚಿ, ಕಾರ್ಡಿನ ಮೇಲೆ ರಕ್ತದ ಹನಿ ಇಳಿಸಿ ಒಣಗಿಸಿ ಕಳಿಸಿದರು. ಉತ್ತರ ಬೇಗ ಬರಲಿಲ್ಲ. ಬಂದದ್ದು ಬಾಗೇವಾಡಿಯಲ್ಲಿ ಎರಡನೆಯ ಲಸಿಕೆಗೆ ಕೂಸನ್ನು ತರುವ ದಿನ. ಆಸ್ಪತ್ರೆಯ ಹಿಂದಿನ ಖಾಲಿ ಕೋಣೆಗೆ ತಾಯಿ, ಮಗಳನ್ನು ಕರೆದು ಸುವರ್ಣಾ ಬಾಗಿಲು ಹಾಕಿದಳು.

"ಕಂಡಿಲ್ಲ," ಎಂದಳು. "ಕೂಸಿನ ರಕ್ತದಾಗ ರೋಗ ಕಂಡಿಲ್ಲ."

ನೆಲದ ಮೇಲೆ ಕುಳಿತಿದ್ದ ಐಶ್ವರ್ಯ ಸೆರಗಿನಿಂದ ಮುಖ ಒರೆಸಿಕೊಂಡಳು. ಸಿದ್ದವ್ವ ಕೂಸಿನ ಟೊಪ್ಪಿಗೆ ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು.

"ಇನ್ನ ಎಂದೂ ಬರೂದಿಲ್ಲ ಅಲ್ರಿ?" ಐಶ್ವರ್ಯ ಕೇಳಿದಳು. ಬರುವುದಿಲ್ಲ ಎನ್ನುವುದು ಎಷ್ಟು ಸುಲಭವಿತ್ತು. ಸುವರ್ಣಾ ಅವಳ ಪಕ್ಕದಲ್ಲಿ ಕುಳಿತಳು. "ಹಾಲು ಕುಡಿಸೂತನಕ ನೋಡ್ಕೋತ ಇರಬೇಕು. ಆರು ತಿಂಗಳಿಗಿ ಮತ್ತ ರಕ್ತ ತಗೋತೇವಿ. ಔಷಧ ಹನ್ನೆರಡು ವಾರ ಮುಗೀಬೇಕು. ನಿನ್ನ ಗುಳಿಗಿ ನಿಲ್ಲಬಾರದು. ಇವತ್ತ ಮಾತ್ರ ಕಂಡಿಲ್ಲ."

"ಇವತ್ತಿಂದು ಇವತ್ತ ಸಾಕ್ರಿ," ಎಂದಳು ಸಿದ್ದವ್ವ. ಕೂಸನ್ನು ಮಗಳ ಮಡಿಲಿಗೆ ಹಾಕಿ ಸೆರಗು ಕೊಡವಿಕೊಂಡು ಎದ್ದಳು. "ನಾಳೆ ಮುಂಜಾನಿ ಔಷಧ ನೀನ ಹಾಕು. ನಾ ರಾತ್ರಿ ಬರೂದಿಲ್ಲ."

"ಎಲ್ಲಿಗೆವ್ವಾ?"

"ಮುದ್ದೇಬಿಹಾಳ ಬಸ್ಸು ಐತಿ ಈಗ. ದೊಡ್ಡಾಕಿ ಮನಿಗಿ."

ಐಶ್ವರ್ಯ ತಾಯಿಯ ಸೆರಗು ಹಿಡಿದಳು. "ಹೇಳ್ತಿ ಏನು ಆಕಿಗಿ?"

"ನಿನ್ನ ಮಾತು ನನ್ನ ಹೊಟ್ಟ್ಯಾಗ ಇರ್ತೈತಿ. ಬೈತಾಳ, ಬೈಸ್ಕೋತೇನಿ. ನೀರ ಕೊಟ್ರ ಕುಡೀತೇನಿ, ಕೊಡಲಿಲ್ಲಂದ್ರ ಬಾಗಲದಾಗ ಕುಂದರ್ತೇನಿ."

ಅವಳು ಹೊರಟಳು. ಕಿಟಕಿಯಿಂದ ಸುವರ್ಣಾ ನೋಡುತ್ತ ನಿಂತಳು. ಸಿದ್ದವ್ವ ಗೇಟು ದಾಟಿ, ನಡುರಸ್ತೆಯಲ್ಲಿ ಕೈ ಅಡ್ಡ ಮಾಡಿ ಬಸ್ಸು ನಿಲ್ಲಿಸಿದಳು. ಕಂಡಕ್ಟರ್ ಏನೋ ಗದರಿದ. ಅವನಿಗಿಂತ ಜೋರಾಗಿ ಏನೋ ಅಂದು ಒಳಗೆ ಹತ್ತಿದಳು.